ಸಿಒಡಿ ಇಲ್ಲದೆ ಜೋನಿ ಬೆಲ್ಲ: ನನ್ನ ಅನುಭವ

ಕ್ಯಾಶ್ ಆನ್ ಡೆಲಿವರಿ (ಸಿಒಡಿ, ಅಂದರೆ ಪಾರ್ಸೆಲ್ ಕೈಗೆ ಬಂದಾಗ ಹಣ) ಇಡದಿದ್ದರೆ ತಿನ್ನುವ ಪದಾರ್ಥ ಆನ್‌ಲೈನ್‌ನಲ್ಲಿ ಓಡುವುದಿಲ್ಲ, ಆ್ಯಪ್ ಇಲ್ಲದಿದ್ದರೆ ಅದು ಸ್ಟಾರ್ಟಪ್ಪೇ ಅಲ್ಲ ಎಂದು ಹೇಳಿದವರೇ ಹೆಚ್ಚು. ನಾನು ಮಾರುವ ಶಿರಸಿ ಕಡೆಯ ಜೋನಿ ಬೆಲ್ಲ, ಅಂದರೆ ದ್ರವ ರೂಪದ ಬೆಲ್ಲ, ಎರಡೂ ಇಲ್ಲದೆ ಓಡುತ್ತಿದೆ. ಈ ಸೀಸನ್‌ನಲ್ಲಿ ಆಲೆಮನೆಯ ಒಲೆಗೆ ಬೆಂಕಿ ಬೀಳುವ ಮೊದಲೇ ಸುಮಾರು 1,100 ಬಾಟಲಿಯ ಪೂರ್ತಿ ದುಡ್ಡು ಖಾತೆಗೆ ಬಂದಿತ್ತು. ಹೇಗೆ ಎಂದು ಕೇಳುವವರಿಗೆ ಲೆಕ್ಕ ಸಮೇತ ಬರೆಯುತ್ತಿದ್ದೇನೆ. ಅಂಕಿಗಳು ನೆನಪಿನಿಂದ, ಐದು ಹತ್ತು ರೂಪಾಯಿ ಆಚೀಚೆ ಇರಬಹುದು.

ಎರಡು ಕೆಜಿ ಬಾಟಲಿಯ ಆರ್ಡರ್‌ಗೆ, ಸಾಗಣೆ ಸೇರಿ, 480 ರೂ. ಅದರಲ್ಲಿ ಖರ್ಚು: ಬೆಲ್ಲಕ್ಕೆ 220, ಬಾಟಲಿ, ಮುಚ್ಚಳ, ಲೇಬಲ್‌ಗೆ 28, ಪೆಟ್ಟಿಗೆಗೆ 22, ಕೊರಿಯರ್‌ಗೆ 105, ಆನ್‌ಲೈನ್ ಹಣ ಪಡೆದುಕೊಡುವ ಪೇಮೆಂಟ್ ಗೇಟ್‌ವೇಗೆ 11. ಜಿಎಸ್‌ಟಿ ಕಟ್ಟಿದ ಮೇಲೆ ಕೈಯಲ್ಲಿ ಉಳಿಯುವುದು 70 ರೂ. ಆಸುಪಾಸು. ಈ 70 ರೂಪಾಯಿಯನ್ನು ಇಟ್ಟುಕೊಂಡೇ ಉಳಿದದ್ದೆಲ್ಲ ತೀರ್ಮಾನವಾಗಬೇಕು.

ಮೊದಲ ಸೀಸನ್‌ನಲ್ಲಿ ಸಿಒಡಿ ಇತ್ತು. ನೂರಕ್ಕೆ ಇಪ್ಪತ್ತೆಂಟು ಪಾರ್ಸೆಲ್ ವಾಪಸ್. ಮನೆಯಲ್ಲಿ ಇಲ್ಲ, ಫೋನ್ ಎತ್ತಲಿಲ್ಲ, ಈಗ ಬೇಡ. ಒಂದು ವಾಪಸಾತಿಗೆ ಹೋಗುವ ಖರ್ಚು, ಬರುವ ಖರ್ಚು ಸೇರಿ 200 ರೂ. ಮೇಲೆ, ನೂರು ಪಾರ್ಸೆಲ್‌ಗೆ 5,600. ತಲುಪಿದ 72ರಿಂದ ಬಂದದ್ದು 5,000 ಚಿಲ್ಲರೆ. ಸಿಒಡಿ ಶುಲ್ಕ ಇದರಲ್ಲಿ ಸೇರಿಲ್ಲ. ತಿರುಗಿ ಬಂದ ಬಾಟಲಿಯನ್ನು ಇನ್ನೊಬ್ಬರಿಗೆ ಕಳಿಸುವಂತೆಯೂ ಇರುವುದಿಲ್ಲ. ಕೊರಿಯರ್‌ನವರು ವಸೂಲಾದ ಹಣ ಕೊಡುವುದು ಎಂಟು ಹತ್ತು ದಿನಕ್ಕೆ, ಆಲೆಮನೆಯವರಿಗೆ ಅವತ್ತೇ ನಗದು ಬೇಕು. ಮಾರಾಟ ಹೆಚ್ಚಿದಷ್ಟೂ ಕೈಸಾಲ ಹೆಚ್ಚುತ್ತಿತ್ತು.

ಜಾಹೀರಾತಿನದೂ ಇದೇ ಕತೆ. ಆ ವರ್ಷ ಮೊಬೈಲ್ ಜಾಹೀರಾತಿಗೆ ಸುಮಾರು 60,000 ಸುರಿದು ಬಂದದ್ದು 400 ಆರ್ಡರ್. ತಲಾ 150 ಕೊಟ್ಟು 70 ಗಳಿಸಿದ ಹಾಗೆ. ಅದೇ ಗಿರಾಕಿ ಮೂರನೇ ಸಲ ತಾನಾಗಿ ಬಂದಾಗಲೇ ಆ ದುಡ್ಡು ಹುಟ್ಟುವುದು. ಹಾಗಾಗಿ ಹೊಸಬರ ಹಿಂದೆ ಓಡುವುದನ್ನು ಬಿಟ್ಟು ಹಳೆಯ ಗಿರಾಕಿಗಳ ವಾಟ್ಸ್ಆ್ಯಪ್ ಪಟ್ಟಿಯನ್ನೇ ಅಂಗಡಿ ಮಾಡಿಕೊಂಡೆ.

ಈಗಿನ ಕ್ರಮ ಇಷ್ಟು. ನವೆಂಬರ್‌ನಲ್ಲಿ ಬುಕಿಂಗ್ ತೆರೆಯುತ್ತದೆ, ಪೂರ್ತಿ ಹಣ ಮೊದಲೇ. ಅರ್ಧ ಮುಂಗಡ ಮಾಡಿ ನೋಡಿದೆ. ಉಳಿದರ್ಧ ಕೇಳುವ ಫೋನ್‌ಗಳಲ್ಲೇ ದಿನ ಮುಗಿಯುತ್ತದೆ. ಪ್ರತಿ ಬಾಟಲಿಗೂ ಕೊಪ್ಪರಿಗೆ ಇಳಿಸಿದ ತಾರೀಕು, ಆ ದಿನದ ಪಾಕದ ಫೋಟೊ ಗಿರಾಕಿಗೆ ಹೋಗುತ್ತದೆ. ರೀಫಂಡ್ ಕೇಳಿದವರಿಗೆ ಕಾರಣ ಕೇಳದೆ ಅವತ್ತೇ ನಮ್ಮ ಕಡೆಯಿಂದ ಬಿಡುಗಡೆ. ಕೇಳುವವರು ನೂರಕ್ಕೆ ಇಬ್ಬರು ಮೂವರು. ಬುಕಿಂಗ್‌ನ ಮೊದಲ ಸಂದೇಶ ಯಾರಿಗೆ, ಯಾವ ಹೊತ್ತಿಗೆ ಹೋಗುತ್ತದೆ ಎನ್ನುವುದನ್ನು ಮಾತ್ರ ಹೇಳುವುದಿಲ್ಲ. ಅರ್ಧ ಮಾರಾಟ ಅದರ ಮೇಲೆ ನಿಂತಿದೆ.

ಆ್ಯಪ್‌ಗೆ ಎರಡೂವರೆ ಲಕ್ಷದ ಕೊಟೇಶನ್ ಬಂದಿತ್ತು. ಅದರ ಬದಲು ಆರ್ಡರ್‌ಗೆ ಒಂದೇ ಒಂದು ವೆಬ್ ಪುಟ, 150 ಕೆಬಿ ಒಳಗೆ, ಸಿಗ್ನಲ್ ಕಡಿಮೆ ಇರುವಲ್ಲೂ ತೆರೆಯುವಂಥದ್ದು. ಗೇಟ್‌ವೇ ಅನುಮತಿ ಸಿಗಬೇಕಾದರೆ ರೀಫಂಡ್, ಸಾಗಣೆ, ಗೌಪ್ಯತೆ, ಸಂಪರ್ಕದ ಪುಟಗಳು ಮೊದಲೇ ಇರಲಿ, ಇಲ್ಲದಿದ್ದರೆ ಅರ್ಜಿ ವಾಪಸ್ ಬರುತ್ತದೆ. ಮೊತ್ತವನ್ನು ಪೈಸೆಯಲ್ಲಿ ಕೇಳುವ ಗೇಟ್‌ವೇ ಆದರೆ 480 ರೂಪಾಯಿಗೆ 48000 ಎಂದು ಕಳಿಸಬೇಕು. ಬರೀ 480 ಕಳಿಸಿದರೆ ಗಿರಾಕಿಯಿಂದ ಕಡಿತವಾಗುವುದು 4 ರೂ. 80 ಪೈಸೆ. ಇನ್ನೊಂದು ದೊಡ್ಡ ತೊಡಕು ಯುಪಿಐನಲ್ಲಿ. ಹಣ ಕೊಟ್ಟ ಮೇಲೆ ಜನ ಪುಟಕ್ಕೆ ತಿರುಗಿ ಬರುವುದೇ ಇಲ್ಲ. ಪುಟ ಮರಳಿ ಬಂದಾಗ ಮಾತ್ರ ಆರ್ಡರ್ ಖಚಿತಪಡಿಸುವ ಹಾಗೆ ಬರೆದರೆ ಹಣ ಬಂದಿರುತ್ತದೆ, ಆರ್ಡರ್ ಇರುವುದಿಲ್ಲ. ಹಣ ಬಂತೆಂದು ಗೇಟ್‌ವೇ ತಾನಾಗಿ ನಮ್ಮ ಸರ್ವರ್‌ಗೆ ಕಳಿಸುವ ಸೂಚನೆ, ಅಂದರೆ ವೆಬ್‌ಹುಕ್, ಅದನ್ನು ನಂಬಿ. ಅದೂ ಕೆಲವೊಮ್ಮೆ ಎರಡೆರಡು ಸಲ ಬರುತ್ತದೆ, ಪೇಮೆಂಟ್ ಐಡಿ ಹೊಂದಿಸಿ ಎರಡನೆಯದನ್ನು ಬಿಡದಿದ್ದರೆ ಒಂದೇ ಮನೆಗೆ ಎರಡು ಪಾರ್ಸೆಲ್ ಹೋಗುತ್ತದೆ.

ಕೋಡ್‌ಗಿಂತ ಹೆಚ್ಚು ಕಾಡಿದ್ದು ಬಾಟಲಿ. ಬಿಸಿ ಬಿಸಿ ಬೆಲ್ಲ ಹೊಯ್ದರೆ ಪೆಟ್ ಬಾಟಲಿ (ಕುಡಿಯುವ ನೀರಿನ ಬಾಟಲಿಯ ಪ್ಲಾಸ್ಟಿಕ್) ಸೊಂಟದಲ್ಲಿ ಕುಗ್ಗಿ ಓರೆಯಾಗುತ್ತದೆ, ಎಚ್‌ಡಿಪಿಇ ಎಂಬ ಇನ್ನೊಂದು ಪ್ಲಾಸ್ಟಿಕ್ ತಡೆಯುತ್ತದೆ. ಪಾಕ ತೆಳುವಾಗಿದ್ದರೆ ದಾರಿಯಲ್ಲೇ ಹುಳಿ ಬಂದು ಗಾಳಿ ತುಂಬುತ್ತದೆ, ಬಾಯಿಯ ಅಲ್ಯೂಮಿನಿಯಂ ಹಾಳೆ ಪೂರಿಯಂತೆ ಉಬ್ಬುತ್ತದೆ, ತೆಗೆದ ಕೂಡಲೇ ನೊರೆ ಹಾರುತ್ತದೆ. ಕೈಯಲ್ಲಿ ಹಿಡಿಯುವ ರಿಫ್ರಾಕ್ಟೊಮೀಟರ್ ಇಟ್ಟುಕೊಳ್ಳಿ, 58ರಿಂದ 90 ಬ್ರಿಕ್ಸ್ (ಪಾಕದಲ್ಲಿನ ಸಕ್ಕರೆ ಅಂಶದ ಅಳತೆ) ತೋರಿಸುವಂಥದ್ದು, ಸುಮಾರು 2,000 ರೂ. ತಣಿದ ಬೆಲ್ಲ 75 ದಾಟಿದ್ದರೆ ಮಾತ್ರ ತುಂಬಿಸುತ್ತೇನೆ. ತೀರಾ ಗಟ್ಟಿಯಾದರೆ ತಳದಲ್ಲಿ ಹರಳು ಕಟ್ಟುತ್ತದೆ, ಪೇಟೆಯವರು ಸಕ್ಕರೆ ಬೆರೆಸಿದ್ದಾರೆ ಎಂದುಕೊಳ್ಳುತ್ತಾರೆ. ಅದಕ್ಕೆ ಪ್ರತಿ ಪೆಟ್ಟಿಗೆಯಲ್ಲಿ ಎರಡು ಸಾಲಿನ ಚೀಟಿ: ಹರಳು ಸಹಜ, ಬಿಸಿನೀರಿನಲ್ಲಿ ಬಾಟಲಿ ಇಡಿ. ದೂರು ಅರ್ಧಕ್ಕಿಳಿಯಿತು.

ಪೆಟ್ಟಿಗೆಯ ಅಳತೆಯಲ್ಲೂ ದುಡ್ಡಿದೆ. ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸಿ ಬರುವ ತೂಕ ಹೆಚ್ಚಿದ್ದರೆ ಕೊರಿಯರ್ ಬಿಲ್ ಅದಕ್ಕೇ. ಮೊದಲು ತಂದ 30×25×25ರ ಪೆಟ್ಟಿಗೆ 3.75 ಕೆಜಿ ಲೆಕ್ಕಕ್ಕೆ ಬಿತ್ತು, ಒಳಗಿದ್ದದ್ದು ಎರಡೂಕಾಲು. 24×14×22ಕ್ಕೆ ಇಳಿಸಿದ ಮೇಲೆ ನಿಜ ತೂಕಕ್ಕೇ ಬಿಲ್. ದ್ರವವಾದ್ದರಿಂದ ಭೂಸಾರಿಗೆಯಲ್ಲೇ ಕಳಿಸಿ, ವಿಮಾನದ ದರ್ಜೆ ಹಾಕಿದರೆ ಕೊರಿಯರ್‌ನವರ ವಿಂಗಡಣೆ ಕೇಂದ್ರದಲ್ಲಿ ತಡೆಯುತ್ತಾರೆ.

ಕಾಗದಪತ್ರ ಬೇಗ ಹೇಳಿ ಮುಗಿಸುತ್ತೇನೆ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಸಾದಾ ನೋಂದಣಿ ಬೇರೆ, ಲೈಸೆನ್ಸ್ ಬೇರೆ. ನಿಮ್ಮದು ಯಾವುದರಲ್ಲಿ ಬರುತ್ತದೆ ಎಂದು ಲೇಬಲ್ ಮುದ್ರಿಸುವ ಮೊದಲೇ ಕೇಳಿಕೊಳ್ಳಿ. ಪ್ಯಾಕ್ ಮಾಡುವವರು ತೂಕ, ಅಳತೆ ನೋಡುವ ಕಾನೂನು ಮಾಪನ ಇಲಾಖೆಯಲ್ಲಿ 500 ರೂ. ಕಟ್ಟಿ ನೋಂದಾಯಿಸಬೇಕು. ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಬೆಲ್ಲಕ್ಕೆ 2022ರ ಜುಲೈ 18ರಿಂದ ಶೇ 5 ಜಿಎಸ್‌ಟಿ. ರಾಜ್ಯದೊಳಗೆ ವರ್ಷಕ್ಕೆ 40 ಲಕ್ಷದ ವಹಿವಾಟಿನವರೆಗೆ ನೋಂದಣಿ ವಿನಾಯಿತಿ ಇದ್ದರೂ ಹೈದರಾಬಾದ್‌ಗೆ ಒಂದು ಬಾಟಲಿ ಮಾರಿದರೂ ನೋಂದಣಿ ಬೇಕೇ ಬೇಕು. ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಮಾರಾಟ ಸೊನ್ನೆಯಾದರೂ ಆಡಿಟ್ ತಪ್ಪದು. ಹೊರಗಿನ ಬಂಡವಾಳ ತರುವ ಯೋಚನೆ ಇಲ್ಲದಿದ್ದರೆ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಸಾಕು.

ನಡುವೆ ಉಪ್ಪಿನಕಾಯಿಗೆ ಹಾಕುವ ಮಾವಿನ ಮಿಡಿ, ಅಪ್ಪೆಮಿಡಿಯನ್ನೂ ಉಪ್ಪುನೀರಲ್ಲಿ ಕಳಿಸಿ ನೋಡಿದೆ. ನಲವತ್ತು ಜಾಡಿಯಲ್ಲಿ ಹನ್ನೊಂದು ಸೋರಿದವು, ಉಪ್ಪುನೀರು ತಗಡಿನ ಮುಚ್ಚಳವನ್ನು ವಾರದಲ್ಲೇ ತಿಂದಿತು. ಈಗ ಪ್ಲಾಸ್ಟಿಕ್ ಮುಚ್ಚಳ, ಎರಡು ಪದರದ ಚೀಲ; ಮೊನ್ನೆ ಕಳಿಸಿದ ಇಪ್ಪತ್ತರಲ್ಲಿ ಒಂದು ಮಾತ್ರ ಒಸರಿದೆ. ಕನ್ನಡದಲ್ಲೇ ವಿಳಾಸ ಪಡೆಯುವ ಪ್ರಯತ್ನವೂ ಆಯಿತು: ಕೊರಿಯರ್ ಲೇಬಲ್‌ನಲ್ಲಿ ಅಕ್ಷರದ ಬದಲು ಬರೀ ಚೌಕಗಳು ಬಂದವು. ಸದ್ಯಕ್ಕೆ ಹೆಸರು ಕನ್ನಡದಲ್ಲಿ ನಮ್ಮ ಚೀಟಿಯ ಮೇಲೆ, ವಿಳಾಸ ಇಂಗ್ಲಿಷ್‌ನಲ್ಲಿ ಪೆಟ್ಟಿಗೆಯ ಮೇಲೆ.