ವಾಷಿಂಗ್ಟನ್ನರ ಹತ್ತು ಖಾನೆ ಪೆಟ್ಟಿಗೆ ಮೂರನೇ ವರ್ಷಕ್ಕೆ ಕೈಹಿಡಿಯಿತು

1760ರ ಏಪ್ರಿಲ್‌ನಲ್ಲಿ ಜಾರ್ಜ್ ವಾಷಿಂಗ್ಟನ್ ತಮ್ಮ ಎಸ್ಟೇಟು ಮೌಂಟ್ ವರ್ನನ್‌ನಲ್ಲಿ, ಯಾವ ಗೊಬ್ಬರಕ್ಕೆ ಪೈರು ಚೆನ್ನಾಗಿ ಬರುತ್ತೆ ಅಂತ ಹತ್ತು ಖಾನೆಯ ಪೆಟ್ಟಿಗೆಯಲ್ಲಿ ಮಾಡಿದ ಪರೀಕ್ಷೆಯನ್ನು ವರ್ಜೀನಿಯಾದ ನನ್ನ ಹಿತ್ತಲಲ್ಲಿ ಮಾಡಿದ್ದೇನೆ. ಖಾನೆಗೆ ಒಂಬತ್ತು ಕಾಳು ಹಾಕಿದರೆ ಏನು ತಿಳಿಯುತ್ತೆ ಅಂದವರೇ ಹೆಚ್ಚು. ತಿಳಿಯುತ್ತೆ.

ಅವರ ದಿನಚರಿಯ ಅಳತೆ ಹೀಗೆ: ಮೊದಲ ಖಾನೆಗೆ ಬರೀ ಹೊಲದ ಮಣ್ಣು, ಮೂರು ಪೆಕ್. ಉಳಿದವಕ್ಕೆ ಸುಣ್ಣಮಣ್ಣು, ಮರಳು, ಕುದುರೆ ಲದ್ದಿ, ಹಳ್ಳದ ಕೆಸರು, ಸಗಣಿ, ಕುರಿ ಹಿಕ್ಕೆ, ಜೌಗಿನ ಕಪ್ಪು ಮಣ್ಣು, ಜೇಡಿ ಇಂಥವುಗಳಲ್ಲಿ ಒಂದೊಂದನ್ನು ಅದೇ ಹೊಲದ ಮಣ್ಣಿಗೆ ಬೆರೆಸಿದ್ದು. ಗೋಧಿ, ಓಟ್ಸ್, ಬಾರ್ಲಿ ಮೂರು ಮೂರು ಕಾಳು. ಪೆಕ್ ಅಂದರೆ ಸುಮಾರು 9 ಲೀಟರ್, ಹಾಗಾಗಿ ಅಡಿ ಉದ್ದ, ಅಡಿ ಅಗಲ, ಅಡಿ ಆಳದ ಖಾನೆ ಸರಿಹೋಗುತ್ತೆ. ಹತ್ತೂ ತುಂಬಿದರೆ 350 ಕಿಲೋ ಮೇಲೆ. ಅವರದ್ದು 1799ರಲ್ಲಿ 317 ಗುಲಾಮರಿದ್ದ ಎಸ್ಟೇಟು. ನನಗಿದ್ದದ್ದು ಒಂದು ಕೈಗಾಡಿ.

ಮೊದಲ ಪೆಟ್ಟಿಗೆಗೆ ಹಲಗೆಯದ್ದೇ 90 ಡಾಲರ್ ಹತ್ತಿರ. ಒಂದೇ ತಳ, ನಡುವೆ ಅಡ್ಡ ಹಲಗೆ. ಮಳೆ ಬಂದು ಲದ್ದಿಯ ನೀರು ಪಕ್ಕದ ಮರಳಿಗೆ ಇಳಿದು, ಮರಳಿನ ಪೈರು ಭರ್ಜರಿಯಾಯಿತು. ಸುಳ್ಳು ಫಲಿತಾಂಶ. ಈಗ ಖಾನೆಗೊಂದು ತಳ, ನಡುವೆ ಬೆರಳಗಲ ಸಂದು. ಇನ್ನೂ 60 ಡಾಲರ್ ಹೋಯಿತು. ಹಸಿ ಲದ್ದಿ ಇನ್ನೊಂದು ಎಡವಟ್ಟು. ಮೂರು ಓಟ್ಸ್ ಹಾಕಿದಲ್ಲಿ ಐದು ಎದ್ದವು, ಕುದುರೆ ಹೊಟ್ಟೆಯಲ್ಲಿ ಅರಗದ ಕಾಳು! ಒಂಬತ್ತು ಗೂಟದ ಹಲಗೆ ಒತ್ತಿ ಒಂದಿಂಚು ಆಳ ಮಾಡಿ, ಗುಳಿಯಾಚೆ ಹುಟ್ಟಿದ್ದನ್ನು ಕೀಳಬೇಕು.

ಎರಡನೇ ವರ್ಷ ಅಗ್ಗವೆಂದು ಚಳಿಗಾಲದ ಗೋಧಿ ತಂದೆ. ಏಪ್ರಿಲ್‌ನಲ್ಲಿ ಬಿತ್ತಿದರೆ ಅದಕ್ಕೆ ಬೇಕಾದ ಚಳಿ ಸಿಗದೆ ಬರೀ ಗರಿ, ತೆನೆಯಿಲ್ಲ. ವಸಂತದ ತಳಿಯೇ ಬೇಕು.

ನೀರನ್ನು ಅವರ ಹಾಗೆ ಎರಡು ಗಂಟೆ ಬಿಸಿಲಲ್ಲಿಟ್ಟು ಹಾಕುತ್ತೇನೆ. ಹತ್ತಕ್ಕೂ ಸಮ ಬೀಳುವಂತೆ ಮಾಡುವ ಉಪಾಯ ಮಾತ್ರ ನನ್ನಲ್ಲೇ ಇರಲಿ.

ಮೇ 1ಕ್ಕೆ ಅವರಿಗೆ ಕುರಿ ಹಿಕ್ಕೆ, ಕಪ್ಪು ಮಣ್ಣು ಮುಂದಿದ್ದಂತೆ ಕಂಡವು. ನನ್ನಲ್ಲೂ ಹಿಕ್ಕೆಯೇ ಮೊದಲು, ಸಗಣಿ ತೀರಾ ಹಿಂದೆ. ಆದರೆ ಒಕ್ಕಿ ತೂಗಿದಾಗ ಸಗಣಿ, ಹಿಕ್ಕೆ ಎರಡೂ ಹೆಚ್ಚುಕಡಿಮೆ ಒಂದೇ. ಬಿತ್ತಿದ ಹದಿನೇಳು ದಿನಕ್ಕೆ ಎತ್ತರ ನೋಡಿ ತೀರ್ಪು ಕೊಡುವುದು ಆತುರವೇ.

ಕೊಯ್ಲಾದ ಮೇಲೆ ಸುಮ್ಮನೆ ಲದ್ದಿ ಖಾನೆಗೆ ಬೀನ್ಸ್ ಹಾಕಿದೆ. ಚಿಗುರೆಲೆ ಬಟ್ಟಲಿನಂತೆ ಮುದುಡಿತು. ಹುಲ್ಲುಗಾವಲಿಗೆ ಹೊಡೆದ ಅಮಿನೊಪೈರಾಲಿಡ್ ಕಳೆನಾಶಕ ಕುದುರೆ ಹೊಟ್ಟೆ ದಾಟಿ ಬರುತ್ತೆ. ಗೋಧಿ ಹುಲ್ಲಿನ ಜಾತಿ, ಅದು ತಡೆದುಕೊಂಡು ಏನೂ ತೋರಿಸಲಿಲ್ಲ. ಈಗ ಹೊಸ ಲದ್ದಿ ಬಂದರೆ ಮೊದಲು ಕುಂಡದಲ್ಲಿ ಮೂರು ಬೀನ್ಸ್, ಮೂರು ವಾರ. ಆಮೇಲೆ ತರಕಾರಿ ಮಡಿಗೆ.