ಪ್ರೊಟೆಸ್ಟ್ ಬಂದಾಗ ನಾನು ಮೊದಲು ನೋಡುವುದು ಚಾಲಕನನ್ನಲ್ಲ

ಗೆರೆ ದಾಟಿದ ಅರ್ಧ ನಿಮಿಷಕ್ಕೇ ಫೋನ್ ಬಡಿದುಕೊಳ್ಳುತ್ತದೆ. "ಏಳನೇ ನಂಬರ್ ಚಾಲಕ ನಾಲ್ಕನೇ ನಂಬರ್ ಮೇಲೆ ಪ್ರೊಟೆಸ್ಟ್ ಹಾಕಿದ್ದಾರೆ, ಕೊನೆಯ ನೇರ ಹಾದಿಯಲ್ಲಿ ಅಡ್ಡ ಬಂದನಂತೆ." ಅಷ್ಟೇ. ಪ್ರೊಟೆಸ್ಟ್ ಅಂದರೆ ಅಡಚಣೆಯಾಯಿತೆಂದು ಫಲಿತಾಂಶದ ಮೇಲೆ ಎತ್ತುವ ತಕರಾರು. ಫಲಿತಾಂಶ ತಡೆಹಿಡಿಯಲಾಗಿದೆ ಎಂದು ಧ್ವನಿವರ್ಧಕದಲ್ಲಿ ಸಾರುತ್ತಾರೆ, ಗೆದ್ದೆವೆಂದು ಕುಣಿಯುತ್ತಿದ್ದವರು ಅಲ್ಲೇ ನಿಲ್ಲುತ್ತಾರೆ. ಇನ್ನು ಹತ್ತು ಹನ್ನೆರಡು ನಿಮಿಷದಲ್ಲಿ ಸ್ಟೂವರ್ಡ್ ಪ್ಯಾನೆಲಿನ, ಅಂದರೆ ರೇಸಿನ ತೀರ್ಪುಗಾರರ ತಂಡದ, ನಾವು ಮೂವರು ಒಂದು ತೀರ್ಮಾನ ಹೇಳಬೇಕು. ಮುಂದಿನ ರೇಸಿನ ಕುದುರೆಗಳು ಆಗಲೇ ಮೈ ಬಿಸಿ ಮಾಡಿಕೊಳ್ಳಲು ಟ್ರ್ಯಾಕಿಗೆ ಇಳಿದಿರುತ್ತವೆ.

ಹಾರ್ನೆಸ್ ರೇಸಿಂಗ್ ಪರಿಚಯವಿಲ್ಲದವರಿಗೆ ಒಂದೆರಡು ಮಾತು. ಇಲ್ಲಿ ಕುದುರೆಯ ಬೆನ್ನ ಮೇಲೆ ಜಾಕಿ ಇರುವುದಿಲ್ಲ. ಹಿಂದೆ ಸಲ್ಕಿ ಎಂಬ ಹಗುರವಾದ ಎರಡು ಚಕ್ರದ ಗಾಡಿ, ಅದರಲ್ಲಿ ಕಾಲು ಚಾಚಿ ಕೂತ ಚಾಲಕ. ಕುದುರೆ ನಾಗಾಲೋಟಕ್ಕೆ ಬೀಳುವಂತಿಲ್ಲ. ಟ್ರಾಟ್ ಆದರೆ ಎದುರುಬದುರು ಮೂಲೆಯ ಕಾಲುಗಳು ಜೊತೆಗೆ ಏಳಬೇಕು, ಪೇಸ್ ಆದರೆ ಒಂದೇ ಬದಿಯ ಎರಡು ಕಾಲು ಜೊತೆಗೆ. ಈ ಎರಡು ಸಂಗತಿ, ಅಂದರೆ ಹಿಂದಿರುವ ಗಾಡಿ ಮತ್ತು ತಪ್ಪಿಸಬಾರದ ನಡೆ, ಸೇರಿಯೇ ನಮ್ಮ ತಕರಾರುಗಳನ್ನು ಬೇರೆ ಕುದುರೆ ಪಂದ್ಯದ ತಕರಾರುಗಳಿಗಿಂತ ಗೋಜಲಾಗಿಸುವುದು. ಜಾಕಿ ಕೂತ ಕುದುರೆಗೆ ಪಕ್ಕದ್ದು ಸ್ವಲ್ಪ ತಾಗಿದರೆ ಎರಡು ಹೆಜ್ಜೆಯಲ್ಲಿ ಸಾವರಿಸಿಕೊಂಡೀತು. ಇಲ್ಲಿ ಮುಂದಿನವನ ಚಕ್ರಕ್ಕೆ ಹಿಂದಿನ ಕುದುರೆಯ ಗೊರಸು ತಾಗಿತೆಂದರೆ ನಡೆ ತಪ್ಪುತ್ತದೆ. ನಡೆ ತಪ್ಪಿದರೆ ಚಾಲಕ ಲಗಾಮು ಎಳೆದು ಅದನ್ನು ಮತ್ತೆ ಸರಿ ನಡೆಗೆ ತರಬೇಕು. ಅಷ್ಟರಲ್ಲಿ ಅದರ ರೇಸ್ ಮುಗಿದೇ ಹೋಗಿರುತ್ತದೆ.

ಹೊಸದಾಗಿ ಪ್ಯಾನೆಲ್ ಸೇರಿದಾಗ ಅಡಚಣೆ ಆಗಿದೆಯೋ ಇಲ್ಲವೋ ಎಂದು ಕಂಡುಹಿಡಿಯುವುದೇ ನನ್ನ ಕೆಲಸ ಅಂದುಕೊಂಡಿದ್ದೆ. ಅದು ಕೆಲಸದ ಅರ್ಧ, ಅದೂ ಸುಲಭದ ಅರ್ಧ. ಪ್ರೊಟೆಸ್ಟ್ ಎಂದರೆ ಎರಡು ಪ್ರಶ್ನೆ. ಅಡಚಣೆ ಆಯಿತೇ? ಆಗದೇ ಇದ್ದಿದ್ದರೆ ಏಟು ತಿಂದ ಕುದುರೆ ಏಟು ಕೊಟ್ಟ ಕುದುರೆಯನ್ನು ದಾಟುತ್ತಿತ್ತೇ? ಚಾಲಕನ ತಪ್ಪೆಷ್ಟು ಎಂಬ ಮೂರನೆಯ ಪ್ರಶ್ನೆಯೂ ಇದೆ, ಆದರೆ ಅದು ಪ್ರೊಟೆಸ್ಟಿಗೆ ಸೇರಿದ್ದಲ್ಲ, ಆಮೇಲಿನ ವಿಚಾರಣೆಗೆ ಸೇರಿದ್ದು. ನಾನು ಕಂಡ ಕೆಟ್ಟ ತೀರ್ಪುಗಳಲ್ಲಿ ಹೆಚ್ಚಿನವು, ನನ್ನವನ್ನೂ ಸೇರಿಸಿ, ಈ ಮೂರನ್ನು ಒಂದೇ ಪಾತ್ರೆಯಲ್ಲಿ ಕಲಸಿದ್ದರಿಂದ ಆದವು.

ಎಲ್ಲ ಕಡೆಯೂ ಎರಡನೇ ಪ್ರಶ್ನೆ ಕೇಳುವುದಿಲ್ಲ ಎನ್ನುವುದನ್ನೂ ಹೇಳಬೇಕು. ಆಸ್ಟ್ರೇಲಿಯಾದ ಸ್ಟೂವರ್ಡ್‌ಗಳು ತಲೆ ಕೆಡಿಸಿಕೊಳ್ಳುವುದು ಅದರ ಮೇಲೆಯೇ. ಉತ್ತರ ಅಮೆರಿಕದಲ್ಲಿ ಅಡಚಣೆ ಸಾಬೀತಾಗಿ, ಎದುರಾಳಿಗೆ ಸ್ಥಾನ ತಪ್ಪುವ ಸಾಧ್ಯತೆ ಇತ್ತು ಎಂದಾದರೆ, ತಪ್ಪಿತಸ್ಥ ಕುದುರೆಯನ್ನು ಏಟು ತಿಂದದ್ದರ ಹಿಂದೆ ಇಳಿಸುವ ಕಡೆಗೇ ಒಲವು ಹೆಚ್ಚು. ಅಮೆರಿಕದ ಹೆಸರಾಂತ ಟ್ರಾಟ್ ರೇಸ್, 2017ರ ಹ್ಯಾಂಬಲ್‌ಟೋನಿಯನ್ ನೆನಪಿರಬಹುದು. ಮೆಡೋಲ್ಯಾಂಡ್ಸ್‌ನಲ್ಲಿ ವಾಟ್ ದ ಹಿಲ್ ಎಂಬ ಕುದುರೆ ಮೊದಲು ಗೆರೆ ದಾಟಿತು. ಕೊನೆಯ ನೇರದಲ್ಲಿ ಗಾರ್ಡಿಯನ್ ಏಂಜೆಲ್‌ಗೆ ಅಡ್ಡಿಯಾಯಿತೆಂದು ಅದನ್ನು ಕೆಳಗಿಳಿಸಿ ಪರ್ಫೆಕ್ಟ್ ಸ್ಪಿರಿಟ್ ಗೆದ್ದಿತೆಂದು ಘೋಷಿಸಿದರು. ಅಡ್ಡಿಪಟ್ಟ ಕುದುರೆಯೊಂದು, ಪ್ರಶಸ್ತಿ ಸಿಕ್ಕ ಕುದುರೆ ಇನ್ನೊಂದು. ಇದು ಅನ್ಯಾಯ ಎನ್ನುವವರಿಗೆ ನಾನು ಹೇಳುವುದಿಷ್ಟೇ: ಮೊದಲನೆಯದನ್ನು ಇಳಿಸಿದರೆ ಎರಡನೆಯದು ತಾನಾಗಿ ಮೇಲೆ ಬರುತ್ತದೆ, ಅದನ್ನು ಯಾರೂ ಆರಿಸಿದ್ದಲ್ಲ.

ಸರಿ, ನಮ್ಮ ಕೋಣೆಗೆ ಬರೋಣ.

ಫಿಲಂ ಹಾಕಿದ ಕೂಡಲೇ ಹೊಸಬರು ಕೇಳುವುದು "ಸ್ಲೋ ಮಾಡಿ." ನಾನು ಬೇಡ ಅನ್ನುತ್ತೇನೆ. ಮೊದಲ ಎರಡು ಸಲ ಮಾಮೂಲಿ ವೇಗದಲ್ಲೇ ನೋಡಬೇಕು. ನಿಧಾನಗತಿಯಲ್ಲಿ ನೋಡಿದರೆ ಎಲ್ಲವೂ ಬೇಕೆಂದೇ ಮಾಡಿದ ಹಾಗೆ ಕಾಣುತ್ತದೆ. ಅರ್ಧ ಸೆಕೆಂಡಿನಲ್ಲಿ ಕುದುರೆ ಹೊರಕ್ಕೆ ವಾಲಿ ಚಾಲಕ ಎಳೆದು ಸರಿ ಮಾಡಿದ್ದು, ಐದು ಸೆಕೆಂಡಿಗೆ ಹಿಗ್ಗಿಸಿದಾಗ ಅವನು ಸುಮ್ಮನೆ ಕೂತು ನೋಡುತ್ತಿದ್ದ ಎನಿಸುತ್ತದೆ. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಅನ್ನುತ್ತಾರಲ್ಲ, ನಮ್ಮ ಕೋಣೆಯಲ್ಲಿ ಆ ಮಾತು ಅಕ್ಷರಶಃ ಸತ್ಯ.

ಕ್ಯಾಮೆರಾಗಳೂ ಸುಳ್ಳು ಹೇಳುತ್ತವೆ, ಒಂದೊಂದೂ ತನ್ನದೇ ಬಗೆಯಲ್ಲಿ. ಎದುರಿನಿಂದ ಹಿಡಿದ ಹೆಡ್-ಆನ್ ಚಿತ್ರದಲ್ಲಿ ಕುದುರೆ ಪಕ್ಕಕ್ಕೆ ಎಷ್ಟು ಸರಿಯಿತು ಎನ್ನುವುದು ಚೆನ್ನಾಗಿ ಕಾಣುತ್ತದೆ. ಆದರೆ ಅದು ದೂರದ ಲೆನ್ಸ್, ಹಿಂದುಮುಂದಿನ ಅಂತರವನ್ನೆಲ್ಲ ನುಂಗಿಬಿಡುತ್ತದೆ. ಎರಡು ಮೀಟರ್ ಹಿಂದಿರುವ ಕುದುರೆ ಚಕ್ರಕ್ಕೆ ಅಂಟಿಕೊಂಡಂತೆ ತೋರುತ್ತದೆ. ಪಕ್ಕದಿಂದ ಹಿಡಿದ ಚಿತ್ರದಲ್ಲಿ ಅಂತರ ಸಿಗುತ್ತದೆ, ಪಕ್ಕಕ್ಕೆ ಸರಿದದ್ದು ಸಿಗುವುದಿಲ್ಲ. ಹಾಗಾಗಿ ಎರಡನ್ನೂ ಒಂದೇ ಕ್ಷಣಕ್ಕೆ ಹೊಂದಿಸಿ ನಿಲ್ಲಿಸುತ್ತೇನೆ. ಪಕ್ಕದ ಚಿತ್ರದಲ್ಲಿ ಬೆಳಕು ಕಂಡರೆ, ಅಂದರೆ ಮುಂದಿನ ಚಕ್ರಕ್ಕೂ ಹಿಂದಿನ ಕುದುರೆಯ ಮುಂಗಾಲಿಗೂ ನಡುವೆ ಖಾಲಿ ಜಾಗ ಕಂಡರೆ, ಹೆಡ್-ಆನ್ ಎಷ್ಟೇ ಭಯಂಕರವಾಗಿದ್ದರೂ ತಾಗಿಲ್ಲ.

ಇನ್ನು ಶೀರ್ಷಿಕೆಯ ಮಾತು. ಅಡಚಣೆಯಾದ ಕ್ಷಣದಲ್ಲಿ ಎಲ್ಲರ ಕಣ್ಣು ಹೋಗುವುದು ಚಾಲಕನ ಮೇಲೆ. ಅವನು ಹಿಂದಕ್ಕೆ ವಾಲಿ, ಕಾಲು ಒತ್ತಿ, ಕೈಯೆತ್ತಿ ಲಗಾಮು ಜಗ್ಗಿದರೆ ಅಯ್ಯೋ ಪಾಪ ಅನಿಸುತ್ತದೆ. ನುರಿತ ಚಾಲಕರಿಗೆ ಇದು ಗೊತ್ತು. ಪ್ರೊಟೆಸ್ಟ್ ಹಾಕಬಹುದು ಎಂದು ಹೊಳೆದ ಕೂಡಲೇ ಮೇಲುಮೈಯಿಂದ ಹಿಂದಕ್ಕೆ ಬಾಗಿ ನಾಟಕ ಆಡುವವರನ್ನು ಸಾಕಷ್ಟು ನೋಡಿದ್ದೇನೆ. ಕುದುರೆಗೆ ನಾಟಕ ಬರುವುದಿಲ್ಲ. ನಿಜವಾಗಿ ಬಾಯಿ ಎಳೆದಿದ್ದರೆ ತಲೆ ಮೇಲೇಳುತ್ತದೆ, ಬಾಯಿ ತೆರೆಯುತ್ತದೆ, ಮುಂಗಾಲಿನ ಚಾಚು ಗಿಡ್ಡವಾಗುತ್ತದೆ. ತಲೆ ಅಲ್ಲೇ ಇದ್ದು ಹೆಜ್ಜೆಯ ಲಯವೂ ಬದಲಾಗದಿದ್ದರೆ, ಹಿಂದೆ ಕೂತವನು ಏನೇ ಅಭಿನಯಿಸಲಿ, ಲಗಾಮಿನಲ್ಲಿ ಬಿಗಿ ಇರಲಿಲ್ಲ ಎಂದೇ ಅರ್ಥ.

ಗಾಡಿಯೂ ಸಾಕ್ಷಿ ಹೇಳುತ್ತದೆ. ಗೊರಸು ಕಡ್ಡಿಗಳ ನಡುವೆ ಸಿಕ್ಕದಿರಲಿ ಎಂದು ಚಕ್ರಗಳಿಗೆ ಪ್ಲಾಸ್ಟಿಕ್ ಡಿಸ್ಕ್ ಮುಚ್ಚಿರುತ್ತಾರೆ. ಡಿಸ್ಕಿನ ಮೇಲೆ ಅರ್ಧಚಂದ್ರದ ಹಾಗೆ ಹೊಸ ಗೀರು, ಇಲ್ಲವೇ ಗಾಳಿ ಹೋದ ಟೈರು ಕಂಡರೆ ಮಾತು ಅಲ್ಲಿಗೆ ಮುಗಿಯುತ್ತದೆ. ಹಾಗಾಗಿ ಪ್ರೊಟೆಸ್ಟ್ ಎಂದ ಕೂಡಲೇ ನಾನು ಮಾಡುವ ಮೊದಲ ಕೆಲಸ, ಕೆಳಗಿರುವ ನಮ್ಮವರಿಗೆ "ಎರಡೂ ಸಲ್ಕಿ ಅಲ್ಲೇ ಇರಲಿ, ಚಕ್ರ ತೊಳೆಯಬೇಡಿ" ಎಂದು ಹೇಳುವುದು. ಒಮ್ಮೆ ಹೇಳಲು ಮರೆತೆ. ಲಾಯದ ಹುಡುಗ ಪಾಪ, ಅಭ್ಯಾಸಬಲದಿಂದ ಪೈಪು ಹಿಡಿದು ತೊಳೆದುಬಿಟ್ಟಿದ್ದ.

ಚಾಲಕರನ್ನು ಒಳಗೆ ಕರೆಯುವ ಮೊದಲು ನನಗೆ ಕಂಡದ್ದನ್ನು ಎರಡು ಸಾಲಲ್ಲಿ ಬರೆದಿಡುತ್ತೇನೆ. ಚೆನ್ನಾಗಿ ಮಾತಾಡುವ ಚಾಲಕ ನನ್ನ ಕಣ್ಣನ್ನೇ ಬದಲಿಸಿಬಿಡುತ್ತಾನೆ. ಆಮೇಲೆ ನಾನು ಮೊದಲು ಕಂಡದ್ದೇನು ಎಂದು ನನಗೇ ನೆನಪಿರುವುದಿಲ್ಲ. ದೂರು ಕೊಟ್ಟವನು ಮೊದಲು ಮಾತಾಡುತ್ತಾನೆ, ನಂತರ ಎದುರಾಳಿ, ಅವರ ತರಬೇತುದಾರರಿಗೂ ಅವಕಾಶ ಇರುತ್ತದೆ. "ನಿನಗೆ ಅಡ್ಡ ಬಂದನೇ?" ಎಂದು ನಾನು ಎಂದೂ ಕೇಳುವುದಿಲ್ಲ. "ತಿರುವು ಮುಗಿದಲ್ಲಿಂದ ಗೆರೆಯವರೆಗೆ ಏನಾಯಿತು ಹೇಳು" ಅನ್ನುತ್ತೇನೆ. ಅಡ್ಡ ಬಂದದ್ದು ನಿಜವಾದರೆ ಅದು ತಾನಾಗಿ ಬರುತ್ತದೆ, ಎಷ್ಟು ದೂರದಲ್ಲಿ, ಯಾವ ಕಾಲು ತಾಗಿತು ಎನ್ನುವುದರ ಸಮೇತ.

ಆ ದಿನದ ನಾಲ್ಕು-ಏಳರ ವಿಷಯಕ್ಕೆ ಬರುತ್ತೇನೆ. ನಾಲ್ಕನೇ ನಂಬರ್ ಮುಂದಿತ್ತು, ಏಳು ಅದರ ಹೊರಗಿನಿಂದ ಏರಿ ಬರುತ್ತಿತ್ತು. ಗೆರೆಗೆ ಸುಮಾರು 130 ಮೀಟರ್ ಇದ್ದಾಗ ನಾಲ್ಕು ಹೊರಕ್ಕೆ ವಾಲಿತು, ಏಳರ ಚಾಲಕ ಲಗಾಮು ಎಳೆಯಬೇಕಾಯಿತು. ಕುದುರೆಯ ತಲೆ ಎದ್ದದ್ದು ಸ್ಪಷ್ಟ. ಮೊದಲ ಪ್ರಶ್ನೆಗೆ ಉತ್ತರ ಒಂದು ನಿಮಿಷದಲ್ಲಿ ಸಿಕ್ಕಿತು. ನಾಲ್ಕು ಕೊನೆಗೆ ಗೆದ್ದದ್ದು ಒಂದು ಕತ್ತಿನ ಅಂತರದಲ್ಲಿ.

ಎರಡನೇ ಪ್ರಶ್ನೆಗೆ ನಾನು ಫ್ರೇಮ್ ಎಣಿಸುತ್ತೇನೆ. ಒಂದು ಮೈಲಿ, ಅಂದರೆ 1609 ಮೀಟರ್, 1 ನಿಮಿಷ 55 ಸೆಕೆಂಡಿನಲ್ಲಿ ಓಡುವ ಕುದುರೆ ಸೆಕೆಂಡಿಗೆ ಸುಮಾರು 14 ಮೀಟರ್ ಹೋಗುತ್ತದೆ. ನಮ್ಮ ವಿಡಿಯೊದಲ್ಲಿ ಸೆಕೆಂಡಿಗೆ 25 ಫ್ರೇಮ್. ಒಂದು ಫ್ರೇಮ್ ಎಂದರೆ ಸುಮಾರು 56 ಸೆಂಟಿಮೀಟರ್. ಮುಂದಿನದರ ಮೂಗು ಒಂದು ಕಂಬ ದಾಟಿದ ಫ್ರೇಮಿನಿಂದ ಹಿಂದಿನದರ ಮೂಗು ಅದೇ ಕಂಬ ದಾಟುವ ಫ್ರೇಮಿನವರೆಗೆ ಎಣಿಸಿದರೆ ಅಂತರ ಗೊತ್ತಾಗುತ್ತದೆ. ಗೆರೆಗೆ 200 ಮೀಟರ್ ಇರುವ ಕಂಬದಲ್ಲಿ ಏಳನೇ ನಂಬರ್ ಆರು ಫ್ರೇಮ್ ಹಿಂದಿತ್ತು. 150ರಲ್ಲಿ ನಾಲ್ಕು ಫ್ರೇಮ್. ಆಮೇಲೆ ಅಡಚಣೆ. 100ರಲ್ಲಿ ಮತ್ತೆ ಆರು. ಗೆರೆಯಲ್ಲಿ ಒಂದು.

ಇದನ್ನು ಕಾಗದದಲ್ಲಿ ಬರೆದಾಗ ಕಥೆ ತಾನೇ ಬಿಚ್ಚಿಕೊಂಡಿತು. ಅಡಚಣೆಗೆ ಮೊದಲು ಏಳು ಪ್ರತಿ 50 ಮೀಟರಿಗೆ ಎರಡು ಫ್ರೇಮ್ ಹತ್ತಿರವಾಗುತ್ತಿತ್ತು. ಸಾವರಿಸಿಕೊಂಡ ಮೇಲೂ 100 ಮೀಟರಿನಲ್ಲಿ ಐದು ಫ್ರೇಮ್ ಗಳಿಸಿದೆ, ಅಂದರೆ ದಣಿದಿರಲಿಲ್ಲ. 150ರಲ್ಲಿ ನಾಲ್ಕು ಫ್ರೇಮ್ ಹಿಂದಿದ್ದದ್ದು ಅದೇ ಲೆಕ್ಕದಲ್ಲಿ ಮುಂದುವರಿದಿದ್ದರೆ ಗೆರೆಯಲ್ಲಿ ಎರಡು ಫ್ರೇಮ್ ಮುಂದಿರುತ್ತಿತ್ತು. ಕ್ಯಾಮೆರಾ ಕಂಬಗಳ ನೇರಕ್ಕಿಲ್ಲ, ಓರೆ ನೋಟದ ದೋಷ ಇದ್ದೇ ಇದೆ, ಹಾಗಾಗಿ ಒಂದು ಫ್ರೇಮ್ ಬಿಟ್ಟುಕೊಡುತ್ತೇನೆ. ಬಿಟ್ಟುಕೊಟ್ಟರೂ ಏಳೇ ಮುಂದೆ. ಮೂವರೂ ಒಪ್ಪಿದೆವು, ಪ್ರೊಟೆಸ್ಟ್ ಎತ್ತಿಹಿಡಿದೆವು.

ಎಲ್ಲ ಪ್ರೊಟೆಸ್ಟೂ ಹೀಗೆ ಲೆಕ್ಕಕ್ಕೆ ಬಗ್ಗುವುದಿಲ್ಲ. ರೇಸಿನ ಆರಂಭದಲ್ಲೋ ಹಿಂಭಾಗದ ನೇರದಲ್ಲೋ ಆದ ಅಡಚಣೆ ಇದ್ದರೆ ನಾನು ಬಹಳ ಹಿಂಜರಿಯುತ್ತೇನೆ. ಅಲ್ಲಿಂದ ಗೆರೆಯವರೆಗೆ ಇನ್ನೂ ಸಾವಿರ ಮೀಟರ್, ನೂರು ಸಂಗತಿ. ಕೊನೆಯ ನೇರದಲ್ಲಿ ಒಳಗಡೆ ಓವರ್‌ಟೇಕ್ ಲೇನ್ ಇರುವ ಟ್ರ್ಯಾಕುಗಳಲ್ಲಿ ಮುಂದಿನವನು ತನ್ನ ಜಾಡು ಬಿಟ್ಟು ಆ ಲೇನಿಗೆ ಇಳಿದು ಹಿಂದಿನವನ ದಾರಿ ಮುಚ್ಚುವ ತಕರಾರು ಸಾಮಾನ್ಯ. ಅದಕ್ಕೆ ಫ್ರೇಮ್ ಎಣಿಸುವುದು ವ್ಯರ್ಥ. ದಾರಿಯೇ ಸಿಗದ ಕುದುರೆಯ ವೇಗ ಎಲ್ಲಿಂದ ಅಳೆಯುವುದು? ಅಲ್ಲಿ ಅದರ ಲಗಾಮು ನೋಡುತ್ತೇನೆ. ಚಾಲಕ ಇನ್ನೂ ಬಿಗಿಹಿಡಿದು ಕೂತಿದ್ದನೇ, ಅಥವಾ ದಾರಿ ಮುಚ್ಚುವ ಮೊದಲೇ ಚಾವಟಿ ತೆಗೆದಿದ್ದನೇ?

ಈ ಪ್ರಶ್ನೆ ಕಲಿತದ್ದು ತಪ್ಪು ಮಾಡಿ. ಪ್ಯಾನೆಲ್ ಸೇರಿ ವರ್ಷ ತುಂಬಿರಲಿಲ್ಲ. ಎರಡು ಗಾಡಿಗಳ ಚಕ್ರ ಒಂದಕ್ಕೊಂದು ಸಿಕ್ಕಿಕೊಂಡಿದ್ದವು, ನೋಡಿದರೆ ಎದೆ ಝಲ್ಲೆನ್ನುವಂತಿತ್ತು. ಏಟು ತಿಂದದ್ದು ಒಂದೂವರೆ ಕುದುರೆಯಷ್ಟು ಹಿಂದೆ ಬಂತು. ಇಳಿಸಲೇಬೇಕು ಎಂದು ಮೊದಲು ಕೈಯೆತ್ತಿದವನು ನಾನು, ಇಳಿಸಿದೆವು. ರಾತ್ರಿ ಮನೆಯಲ್ಲಿ ಅದೇ ಫಿಲಂ ಮತ್ತೆ ಹಾಕಿ ನೋಡಿದೆ. ಡಿಕ್ಕಿಗೆ 60 ಮೀಟರ್ ಮೊದಲಿನಿಂದಲೇ ಆ ಕುದುರೆ ಹಿಂದೆ ಬೀಳುತ್ತಿತ್ತು. ಚಾಲಕ ಚಾವಟಿ ಬೀಸುತ್ತಿದ್ದ, ಅಂತರ ಹೆಚ್ಚುತ್ತಲೇ ಇತ್ತು. ಡಿಕ್ಕಿ ಆಗದಿದ್ದರೂ ಅದು ಗೆಲ್ಲುತ್ತಿರಲಿಲ್ಲ. ನಾನು ನೋಡಿದ್ದು ಡಿಕ್ಕಿಯನ್ನು ಮಾತ್ರ, ಅದರ ಮುಂಚಿನ ನಾಲ್ಕು ಸೆಕೆಂಡನ್ನಲ್ಲ. ಅಷ್ಟರಲ್ಲಿ ಪಂತದ ಹಣ ಹಂಚಿಹೋಗಿತ್ತು. ಅಂದಿನಿಂದ ಫಿಲಂ ಹಾಕುವವನಿಗೆ ನನ್ನ ಮಾತು ಒಂದೇ: ಘಟನೆಯಿಂದ ಶುರು ಮಾಡಬೇಡ, 100 ಮೀಟರ್ ಹಿಂದಿನಿಂದ ಹಾಕು.

ಮೂರನೇ ಪ್ರಶ್ನೆಯನ್ನು ಹೊರಗಿಡುವುದು ಇದಕ್ಕಿಂತ ಕಷ್ಟ. ನಾಲ್ಕನೇ ನಂಬರಿನ ಚಾಲಕನದು ಹೆಚ್ಚುಕಡಿಮೆ ತಪ್ಪೇ ಇರಲಿಲ್ಲ. ಕುದುರೆ ಒಮ್ಮೆಲೇ ವಾಲಿದೆ, ಮರುಕ್ಷಣವೇ ಅವನು ಒಳಲಗಾಮು ಎಳೆದಿದ್ದಾನೆ, ಚಾವಟಿಯೂ ಎತ್ತಿರಲಿಲ್ಲ. ಆದರೂ ರೇಸ್ ಕಳೆದುಕೊಂಡ. ಇನ್ನೊಂದು ದಿನ ಒಬ್ಬ ಜಾಗವೇ ಇಲ್ಲದ ಕಡೆ ನುಗ್ಗಿ ಪಕ್ಕದವನನ್ನು ಒಳಗಿನ ಗುರುತುಕಂಬಗಳ ಆಚೆಗೇ ತಳ್ಳಿದ. ಆದರೆ ತಳ್ಳಿಸಿಕೊಂಡದ್ದು ಹದಿನೈದು ಮೀಟರ್ ಹಿಂದೆ ಬಂದಿತ್ತು, ಮೊದಲೇ ಸೋತಿತ್ತು. ಪ್ರೊಟೆಸ್ಟ್ ತಳ್ಳಿಹಾಕಿದೆವು. ನಿರ್ಲಕ್ಷ್ಯದ ಚಾಲನೆಗೆ ಅವನನ್ನು ಕೆಲವು ವಾರ ಅಮಾನತು ಮಾಡಿದೆವು. ಗೆದ್ದವನು ಅಮಾನತು, ತಪ್ಪಿಲ್ಲದವನಿಗೆ ಸೋಲು. ಕಟ್ಟೆಯ ಮೇಲೆ ಕೂತು ನೋಡುವವರಿಗೆ ನಾವು ತಲೆಕೆಟ್ಟವರಂತೆ ಕಂಡರೆ ಆಶ್ಚರ್ಯವಿಲ್ಲ.

ಅದಕ್ಕೇ ತೀರ್ಪು ಹೇಳುವ ಮುಂಚೆ ಕಾರಣವನ್ನು ಮೂರು ವಾಕ್ಯದಲ್ಲಿ ಬರೆದು, ಚಾಲಕರ ಎದುರೇ ಓದುತ್ತೇನೆ. ಎಲ್ಲಿ ಆಯಿತು, ಎಷ್ಟು ಕಳೆದುಕೊಂಡಿತು, ಅದು ಗೆರೆಯಲ್ಲಿನ ಅಂತರಕ್ಕಿಂತ ಹೆಚ್ಚೋ ಕಡಿಮೆಯೋ. ನಾಲ್ಕನೇ ನಂಬರಿನವನು ಓದಿದ್ದನ್ನು ಕೇಳಿಸಿಕೊಂಡು, "ಹಾಗಾದರೆ ನಾನು ಏನು ಮಾಡಬೇಕಿತ್ತು?" ಎಂದು ಕೇಳಿದ. "ನೀನು ಮಾಡಿದ್ದನ್ನೇ" ಎಂದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿದ. ಫ್ರೇಮ್ ಎಣಿಸಿದ ಕಾಗದವನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಬೆರಳಿಟ್ಟು ತಾನೂ ಒಮ್ಮೆ ಎಣಿಸಿ, ಹೆಲ್ಮೆಟ್ ಎತ್ತಿಕೊಂಡು ಹೊರಟ. ಮುಂದಿನ ರೇಸಿನಲ್ಲೂ ಅವನಿಗೆ ಓಟವಿತ್ತು.