ಶಾಲೆಯಲ್ಲಿ ಆರೋಗ್ಯದ ಪಾಠ: ಏನು ಹೇಳಬೇಕು, ಹೇಗೆ ಹೇಳಬೇಕು

ಮೊದಲು ಮೈಯಲ್ಲಾಗುವ ಬದಲಾವಣೆಗಳ ಬಗ್ಗೆ ಹೇಳಿ, ಅದೂ ಅವು ಶುರುವಾಗುವ ಮುಂಚೆಯೇ. ಮುಟ್ಟಿನ ಪಾಠಕ್ಕೆ ಹುಡುಗರನ್ನು ಹೊರಗೆ ಕಳಿಸಬೇಡಿ, ಅವರಿಗೂ ಗೊತ್ತಿರಬೇಕು ಅಲ್ವಾ? ಪ್ಯಾಡನ್ನು 4ರಿಂದ 6 ಗಂಟೆಗೊಮ್ಮೆ ಬದಲಿಸಬೇಕು, ಮೊದಮೊದಲು 21ರಿಂದ 45 ದಿನಕ್ಕೊಮ್ಮೆ ಮುಟ್ಟಾಗುವುದು ಸಹಜ, ಶಾಲೆಗೆ ಬರಲಾಗದಷ್ಟು ನೋವಿದ್ದರೆ ಸುಮ್ನೆ ಸಹಿಸದೆ ಡಾಕ್ಟರಿಗೆ ತೋರಿಸಬೇಕು ಅಂತ ಬಿಡಿಸಿ ಹೇಳಿ. ನಾಚಿಕೊಂಡು ಕೇಳದೆ ಉಳಿಯುವ ಪ್ರಶ್ನೆಗಳೇ ಜಾಸ್ತಿ. ಹೆಸರು ಬರೆಯದ ಚೀಟಿ ಹಾಕಲು ಒಂದು ಡಬ್ಬ ಇಡಿ, ಪ್ರತಿ ಚೀಟಿಗೂ ಉತ್ತರ ಕೊಡಿ.

ಆಮೇಲೆ ಮನಸ್ಸಿನ ವಿಷಯ. ಬೇಸರ 2 ವಾರವಾದರೂ ಹೋಗದಿದ್ದರೆ ಯಾರ ಹತ್ತಿರ ಹೇಳಬೇಕು ಅನ್ನುವುದು ಪ್ರತಿ ಮಗುವಿಗೂ ಗೊತ್ತಿರಲಿ. ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು, ಇದನ್ನೂ ಹೇಳಿ. ಸಿಪಿಆರ್ (ಹೃದಯ ಬಡಿತ ನಿಂತವರ ಎದೆ ಒತ್ತಿ ಜೀವ ಉಳಿಸುವ ವಿಧಾನ) ಮಾತ್ರ ಬೋರ್ಡ್ ಮೇಲೆ ಬರೆದರೆ ಬರುವುದಿಲ್ಲ, ಅಭ್ಯಾಸದ ಬೊಂಬೆಯ ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲದ ವೇಗದಲ್ಲಿ ಒಬ್ಬೊಬ್ಬರ ಕೈಯಲ್ಲೂ ಒತ್ತಿಸಿ.